ಆಶ್ವಿಟ್ಜ್: ಇವತ್ತು ಕಾಣುವ ಸ್ಮಾರಕದ ಹಿಂದಿನ ಕಥೆ

ಪೋಲೆಂಡಿನ ಕ್ರಾಕೋವ್ ನಗರದಿಂದ ಸುಮಾರು 70 ಕಿಲೋಮೀಟರ್ ದೂರದಲ್ಲಿ ಎರಡನೇ ಮಹಾಯುದ್ಧದ ಕಾಲದಲ್ಲಿ ನಾಜಿಗಳು ಲಕ್ಷಾಂತರ ಜನರನ್ನು ಕೊಂದ ಆಶ್ವಿಟ್ಜ್ ಶಿಬಿರವಿದೆ. ಯುರೋಪಿನಲ್ಲಿ ಓದುವ, ಕೆಲಸ ಮಾಡುವ ಕನ್ನಡಿಗರೂ ಅಲ್ಲಿಗೆ ಹೋಗಿ ಬರುತ್ತಾರೆ. 2019ರಲ್ಲಿ ಬಂದವರು ಸುಮಾರು 23 ಲಕ್ಷ ಜನ. ಅಲ್ಲಿರುವುದೆಲ್ಲ ಯುದ್ಧ ಮುಗಿದಾಗ ಹೇಗಿತ್ತೋ ಹಾಗೇ ಉಳಿದಿದೆ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಆದರೆ ಏನನ್ನು ಉಳಿಸಬೇಕು, ಫಲಕದ ಮೇಲೆ ಏನು ಬರೆಯಬೇಕು ಎಂಬ ವಾದ ದಶಕಗಳ ಕಾಲ ನಡೆದಿದೆ. ಅದನ್ನು ತಿಳಿದುಕೊಂಡು ಹೋದರೆ ಆ ಜಾಗ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

1945ರ ಜನವರಿ 27ರಂದು ಸೋವಿಯತ್ ಸೈನ್ಯ ಬಂದಾಗ ಶಿಬಿರದಲ್ಲಿ ಉಳಿದಿದ್ದವರು ಸುಮಾರು 7 ಸಾವಿರ ಕೈದಿಗಳು. ನಡೆಯಬಲ್ಲ ಸುಮಾರು 60 ಸಾವಿರ ಜನರನ್ನು ಶಿಬಿರ ನಡೆಸುತ್ತಿದ್ದ ನಾಜಿಗಳ ಎಸ್‌ಎಸ್ ಪಡೆ ಚಳಿಯಲ್ಲೇ ಹೊರಡಿಸಿಕೊಂಡು ಹೋಗಿತ್ತು. ಶಿಬಿರದ ಬಿರ್ಕೆನೌ ಎಂಬ ಭಾಗದಲ್ಲಿ ವಿಷಾನಿಲದಿಂದ ಜನರನ್ನು ಕೊಲ್ಲುತ್ತಿದ್ದ ಗ್ಯಾಸ್ ಚೇಂಬರ್‌ಗಳನ್ನು ಡೈನಮೈಟ್ ಇಟ್ಟು ಉರುಳಿಸಿತ್ತು. ಯುದ್ಧ ಮುಗಿದ ಮೇಲೆ ಅಲ್ಲಿನ ಮರದ ಬ್ಯಾರಕ್‌ಗಳನ್ನು ಬಿಚ್ಚಿ ಬೇರೆ ಕಡೆ ಮನೆ ಕಟ್ಟಲು ಸಾಗಿಸಿದರು. ಚಿನ್ನ ಸಿಗಬಹುದೆಂದು ಸತ್ತವರ ಬೂದಿಯನ್ನೇ ಕೆಲವರು ಅಗೆದರು. ಆಗ ಕಾವಲಿಗೆ ನಿಂತವರು ಅಲ್ಲಿಂದಲೇ ಬದುಕಿ ಬಂದಿದ್ದ ಪೋಲಿಷ್ ಕೈದಿಗಳು. ನರಳಿದ ಜಾಗಕ್ಕೇ ಮರಳಿ ಬಂದು ಅದನ್ನು ಕಾಯಬೇಕಾದರೆ ಎಂಥ ಮನಸ್ಸು ಬೇಕು! 1947ರ ಜೂನ್ 14ರಂದು ಮ್ಯೂಸಿಯಂ ತೆರೆಯಿತು. 1940ರಲ್ಲಿ ಪೋಲಿಷ್ ಕೈದಿಗಳ ಮೊದಲ ರೈಲು ಬಂದದ್ದೂ ಅದೇ ದಿನ.

ಮುಂದೆ ದೊಡ್ಡ ಸಮಸ್ಯೆಯಾದದ್ದು ಸತ್ತವರ ಸಂಖ್ಯೆ. 1945ರಲ್ಲೇ ಸೋವಿಯತ್ ತನಿಖಾ ಆಯೋಗ 40 ಲಕ್ಷ ಎಂದು ಹೇಳಿಬಿಟ್ಟಿತ್ತು. ಹೆಣ ಸುಡುವ ಕುಲುಮೆಗಳಿಗೆ ದಿನಕ್ಕೆ ಎಷ್ಟು ಸಾಮರ್ಥ್ಯ ಎಂದು ಅಂದಾಜು ಹಾಕಿ ಬಂದ ಲೆಕ್ಕ ಅದು. ಬಿರ್ಕೆನೌ ಫಲಕಗಳ ಮೇಲೂ ಅದೇ ಸಂಖ್ಯೆ ಇತ್ತು. ಸತ್ತವರಲ್ಲಿ ಹೆಚ್ಚಿನವರು ಯಹೂದಿಗಳು ಎಂಬ ಮಾತು ಮಾತ್ರ ಅಲ್ಲಿರಲಿಲ್ಲ. ಪೋಲೆಂಡಿನ ಆಗಿನ ಕಮ್ಯುನಿಸ್ಟ್ ಸರ್ಕಾರಕ್ಕೆ ಅವರೆಲ್ಲ ಬರೀ ಫ್ಯಾಸಿಸಂಗೆ ಬಲಿಯಾದವರು.

ಮ್ಯೂಸಿಯಂನ ಇತಿಹಾಸಕಾರ ಫ್ರಾಂಚಿಷೆಕ್ ಪೀಪರ್ ಬೇರೆ ದಾರಿ ಹಿಡಿದರು. ಯಾವ ದೇಶದಿಂದ ಎಷ್ಟು ರೈಲು ಬಂದವು, ಅವುಗಳಲ್ಲಿ ಎಷ್ಟು ಜನರಿದ್ದರು ಎಂದು ಒಂದೊಂದಾಗಿ ಕೂಡಿಸಿದರು. ಬಂದವರು ಸುಮಾರು 13 ಲಕ್ಷ, ಸತ್ತವರು ಸುಮಾರು 11 ಲಕ್ಷ, ಅವರಲ್ಲಿ ಯಹೂದಿಗಳೇ ಹತ್ತಿರ ಹತ್ತಿರ 10 ಲಕ್ಷ. ಪೋಲರು, ರೋಮಾ (ಜಿಪ್ಸಿ) ಜನ, ಸೋವಿಯತ್ ಯುದ್ಧ ಕೈದಿಗಳೂ ಸಾವಿರಾರು ಸಂಖ್ಯೆಯಲ್ಲಿ ಸತ್ತಿದ್ದರು. 1990ರಲ್ಲಿ ಹಳೆಯ ಫಲಕಗಳನ್ನು ತೆಗೆದರು. ಹೊಸ ಫಲಕಗಳಲ್ಲಿ ಪೀಪರ್ ಅವರ 11 ಲಕ್ಷಕ್ಕಿಂತ ಹೆಚ್ಚಾಗಿ, ಸುಮಾರು 15 ಲಕ್ಷ ಎಂದಿದೆ, ಮುಖ್ಯವಾಗಿ ಯಹೂದಿಗಳು ಎಂಬ ಮಾತೂ ಇದೆ. ನರಮೇಧವೇ ಸುಳ್ಳು ಎನ್ನುವವರು ಈ ತಿದ್ದುಪಡಿಯನ್ನು ಹಿಡಿದುಕೊಂಡು ಇವತ್ತಿಗೂ ವಾದಿಸುತ್ತಾರೆ. ಅದು ಕೆಟ್ಟ ವಾದ. ಒಟ್ಟು 60 ಲಕ್ಷ ಯಹೂದಿಗಳು ಸತ್ತರೆಂಬ ಲೆಕ್ಕ ಆ 40 ಲಕ್ಷದ ಮೇಲೆ ಯಾವತ್ತೂ ನಿಂತಿರಲಿಲ್ಲ. ನನ್ನ ಪ್ರಕಾರ ಸತ್ತವರಿಗೆ ಸಲ್ಲುವ ಮೊದಲ ಗೌರವ ಸರಿಯಾದ ಲೆಕ್ಕವೇ.

ಇನ್ನೊಂದು ವಾದ ಕೂದಲಿನದು. ಹೆಂಗಸರ ತಲೆಯಿಂದ ಕತ್ತರಿಸಿ ಜರ್ಮನ್ ಕಂಪನಿಗಳಿಗೆ ಮಾರಲು ಇಟ್ಟಿದ್ದ ಸುಮಾರು 7 ಟನ್ ಕೂದಲು ಸೋವಿಯತ್ ಸೈನಿಕರಿಗೆ ಸಿಕ್ಕಿತ್ತು. ಅದರಲ್ಲಿ 2 ಟನ್‌ನಷ್ಟು ಈಗಲೂ ಮ್ಯೂಸಿಯಂನಲ್ಲಿದೆ. ಅದು ಮನುಷ್ಯರ ದೇಹದ ಭಾಗ, ಮಣ್ಣು ಮಾಡಬೇಕು ಎಂದು ಕೆಲವರು. ಅದೇ ಕಣ್ಣೆದುರಿನ ಸಾಕ್ಷಿ, ಇರಲಿ ಎಂದು ಇನ್ನು ಕೆಲವರು. ಮ್ಯೂಸಿಯಂ ಅದನ್ನು ಪ್ರದರ್ಶನದಲ್ಲಿ ಇಟ್ಟಿದೆ, ಆದರೆ ಕೆಡದಂತೆ ಸಂಸ್ಕರಿಸುವುದಿಲ್ಲ. ತಾನಾಗಿ ಪುಡಿಯಾಗಲು ಬಿಟ್ಟಿದೆ. ಈ ನಿರ್ಧಾರ ನನಗೆ ಸರಿ ಎನಿಸುತ್ತದೆ. ಚಪ್ಪಲಿ, ಬೂಟುಗಳ ವಿಷಯ ಬೇರೆ. ಅವು ವಸ್ತುಗಳು, ಉಳಿಸಬಹುದು. 2023ರಿಂದ ಮಕ್ಕಳ 8 ಸಾವಿರ ಬೂಟು, ಚಪ್ಪಲಿಗಳನ್ನು ಒಂದೊಂದಾಗಿ ರಕ್ಷಿಸುವ ಕೆಲಸ ನಡೆಯಿತು. ಇಂಥ ಕೆಲಸಕ್ಕೆಂದೇ 2009ರಲ್ಲಿ ಒಂದು ನಿಧಿ ಹುಟ್ಟಿತು. 12 ಕೋಟಿ ಯೂರೋ ಗುರಿಯಲ್ಲಿ ಅರ್ಧವನ್ನು ಜರ್ಮನಿಯೇ ಕೊಟ್ಟಿತು.

ಹೋಗುವವರಿಗೆ ಒಂದು ಮಾತು. ಪ್ರವೇಶ ಉಚಿತ, ಆದರೆ ಮೊದಲೇ ಆನ್‌ಲೈನ್‌ನಲ್ಲಿ ಪಾಸ್ ಪಡೆಯಬೇಕು. ಗೈಡ್ ಬೇಕಾದರೆ ಹಣ ಕೊಡಬೇಕು. ಕೂದಲಿರುವ ಕೋಣೆಯಲ್ಲಿ ಫೋಟೊ ತೆಗೆಯುವಂತಿಲ್ಲ. ಮುಖ್ಯ ಶಿಬಿರ ನೋಡಿ ಅಲ್ಲಿಂದಲೇ ವಾಪಸಾಗಬೇಡಿ. ಜಾಸ್ತಿ ಜನರನ್ನು ಕೊಂದದ್ದು ಸುಮಾರು 3 ಕಿಲೋಮೀಟರ್ ಆಚೆಯ ಬಿರ್ಕೆನೌನಲ್ಲಿ. ಎರಡರ ನಡುವೆ ಬಸ್ ಓಡುತ್ತದೆ. ಬಿರ್ಕೆನೌಗೆ ಕಡಿಮೆ ಎಂದರೂ ಒಂದೂವರೆ ಗಂಟೆ ಇಟ್ಟುಕೊಳ್ಳಿ.