ಎಚ್ಚರಿಕೆಯ 12 ತಿಂಗಳು: ನಾನು ಎಡವಿದ ಲೆಕ್ಕ

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜೈಲಿನ ಬದಲು ಕೊಡುವ ಸಮುದಾಯ ಶಿಕ್ಷೆ ಏನೆಂಬುದು ಗೊತ್ತಿರುವುದೇ: ಕೂಲಿಯಿಲ್ಲದ ದುಡಿಮೆ, ಕರ್ಫ್ಯೂ (ಗೊತ್ತುಮಾಡಿದ ಹೊತ್ತಿನಲ್ಲಿ ಮನೆಯಲ್ಲೇ ಇರುವುದು), ಅಪರಾಧಿಯ ಮೇಲೆ ನಿಗಾ ಇಡುವ ಪ್ರೊಬೇಷನ್ ಅಧಿಕಾರಿಯ ಮುಂದೆ ಹಾಜರಿ. ಷರತ್ತು ಮುರಿದಾಗ ಏನಾಗಬೇಕೆಂಬುದು 2020ರ ಸೆಂಟೆನ್ಸಿಂಗ್ (ಶಿಕ್ಷೆ ವಿಧಿಸುವ) ಕಾಯ್ದೆಯ 10ನೇ ಅನುಸೂಚಿಯಲ್ಲಿದೆ. ಪರೀಕ್ಷೆಗೆ ಅದನ್ನು ಓದುವಾಗ ನಾನು ಎಡವಿದ್ದು ಅಲ್ಲಿನ ಎಚ್ಚರಿಕೆಯ ನಿಯಮದಲ್ಲಿ.

ಅಪರಾಧಿಯನ್ನು ಜೈಲಿಗೆ ಕಳಿಸದೆ ಷರತ್ತಿನ ಮೇಲೆ ಬಿಡುವ ನಮ್ಮ 1958ರ ಪ್ರೊಬೇಷನ್ ಕಾಯ್ದೆ ಓದಿ ಬಂದವರಿಗೆ ಇಲ್ಲಿ ಗೊಂದಲ ಖಚಿತ. ಅದರ 3ನೇ ಕಲಮಿನ ಛೀಮಾರಿ ಹಾಕುವುದು ನ್ಯಾಯಾಲಯ, ಅದೂ ಮೂಲ ಅಪರಾಧಕ್ಕೆ. ಷರತ್ತು ಮುರಿದರೆ 9ನೇ ಕಲಮು; ಅದೂ ನ್ಯಾಯಾಲಯದ್ದೇ (ಮೊದಲ ಸಲಕ್ಕೆ ದಂಡ ಹೆಚ್ಚೆಂದರೆ 50 ರೂಪಾಯಿ). ಇಂಗ್ಲೆಂಡಿನ ಎಚ್ಚರಿಕೆಯನ್ನಾದರೋ ಅಧಿಕಾರಿಯೇ ಕೊಡುತ್ತಾರೆ.

ಅಪರಾಧಿ ಸಕಾರಣವಿಲ್ಲದೆ ಷರತ್ತು ಮುರಿದಿದ್ದಾನೆ ಎಂದು ಅಧಿಕಾರಿಗೆ ಅನ್ನಿಸಿದರೆ ದಾರಿ ಎರಡು: ಎಚ್ಚರಿಕೆ ಕೊಡುವುದು, ಇಲ್ಲವೇ ಪ್ರಕರಣವನ್ನು ಜಾರಿ ಅಧಿಕಾರಿಗೆ (ನ್ಯಾಯಾಲಯಕ್ಕೆ ಒಯ್ಯಬೇಕೇ ಎಂದು ನೋಡುವವರಿಗೆ) ಒಪ್ಪಿಸುವುದು. ಮೊದಲ ತಪ್ಪಿಗೆ ಎಚ್ಚರಿಕೆಯೇ ಆಗಬೇಕೆಂದಿಲ್ಲ. ಆದರೆ ಅದೇ ಸಮುದಾಯ ಶಿಕ್ಷೆಯ ಆದೇಶದಡಿ ಹಿಂದಿನ 12 ತಿಂಗಳೊಳಗೆ ಒಂದು ಎಚ್ಚರಿಕೆ ಕೊಟ್ಟಾಗಿದ್ದರೆ ಆಯ್ಕೆ ಮುಗಿಯಿತು, ಒಪ್ಪಿಸಲೇಬೇಕು. 'ಮೂರು ಸಲ ನೋಡಿ ಆಮೇಲೆ' ಎಂದು ಪರೀಕ್ಷೆಯಲ್ಲಿ ಬರೆದು ನಾನು ಅಂಕ ಕಳೆದುಕೊಂಡೆ.

ಈಗ ಆ 12 ತಿಂಗಳು. ಅಪರಾಧಿ ಷರತ್ತು ಮುರಿದ ದಿನದಿಂದ ನಾನು ಎಣಿಸುತ್ತಿದ್ದೆ. ಎಣಿಸಬೇಕಾದದ್ದು ಎಚ್ಚರಿಕೆ ಕೊಟ್ಟ ದಿನದಿಂದ. ಎರಡು ವರ್ಷದ ಆದೇಶವೊಂದನ್ನು ಊಹಿಸಿಕೊಳ್ಳಿ. 2024ರ ಮಾರ್ಚ್ 1ರ ಭೇಟಿಗೆ ಆತ ಬರಲಿಲ್ಲ. ಎಚ್ಚರಿಕೆ ಕೊಟ್ಟದ್ದು ಮಾರ್ಚ್ 20ಕ್ಕೆ. 2025ರ ಮಾರ್ಚ್ 5ರಂದು ಮತ್ತೆ ಗೈರು, 7ರಂದು ಅಧಿಕಾರಿಯ ತೀರ್ಮಾನ. ನನ್ನ ಲೆಕ್ಕದಲ್ಲಿ ವರ್ಷ ದಾಟಿತ್ತು, ಮತ್ತೊಂದು ಎಚ್ಚರಿಕೆ ಸಾಕಿತ್ತು. ನಿಜದಲ್ಲಿ ವರ್ಷ ತುಂಬಲು ಇನ್ನೂ ಹದಿಮೂರು ದಿನವಿತ್ತು. ಒಪ್ಪಿಸಲೇಬೇಕು! ಈಗ ನಾನು ಗೈರುಹಾಜರಿಯ ತಾರೀಖನ್ನು ಪೆನ್ಸಿಲಿನಲ್ಲಿ, ಎಚ್ಚರಿಕೆಯ ತಾರೀಖನ್ನು ಕೆಂಪು ಶಾಯಿಯಲ್ಲಿ ಬರೆದುಕೊಂಡು, ಕೆಂಪಿನಿಂದ ಮಾತ್ರ ಎಣಿಸುತ್ತೇನೆ.

ಎಚ್ಚರಿಕೆಯಲ್ಲಿ ಮೂರು ಮಾತು ಇರಲೇಬೇಕು. ಅಭ್ಯಾಸಕ್ಕೆ ನಾನು ಬರೆದ ಪತ್ರ: 'ಮಾರ್ಚ್ 1ರ ಬೆಳಿಗ್ಗೆ 10 ಗಂಟೆಯ ಭೇಟಿಗೆ ನೀವು ಬರಲಿಲ್ಲ, ಕಾರಣವನ್ನೂ ತಿಳಿಸಲಿಲ್ಲ. ಇದು ಒಪ್ಪತಕ್ಕದ್ದಲ್ಲ. ಮುಂದಿನ 12 ತಿಂಗಳಲ್ಲಿ ಮತ್ತೆ ಷರತ್ತು ಮುರಿದರೆ ನಿಮ್ಮನ್ನು ನ್ಯಾಯಾಲಯದ ಮುಂದೆ ತರಬಹುದು.' ಮೊದಲ ಕರಡಿನಲ್ಲಿ ಎರಡನೆಯ ವಾಕ್ಯದ ಜಾಗದಲ್ಲಿ 'ದಯವಿಟ್ಟು ಹೀಗೆ ಮಾಡಬೇಡಿ' ಎಂದಿತ್ತು. ಪಾಠ ಮಾಡುವ ಮೇಡಂ ಅದನ್ನು ಹೊಡೆದುಹಾಕಿದರು.

ಜಾರಿ ಅಧಿಕಾರಿ ಪ್ರಕರಣವನ್ನು ಪರಿಶೀಲಿಸಿ, ಸೂಕ್ತವೆನಿಸಿದರೆ ಮಾತ್ರ ನ್ಯಾಯಾಲಯಕ್ಕೆ ಒಯ್ಯುತ್ತಾರೆ. ಅಲ್ಲಿ ದಂಡ, ಷರತ್ತು ಬಿಗಿ ಮಾಡುವುದು, ಆದೇಶ ರದ್ದುಮಾಡಿ ಹೊಸ ಶಿಕ್ಷೆ ಕೊಡುವುದು, ಎಲ್ಲವೂ ಸಾಧ್ಯ. ಎಚ್ಚರಿಕೆ ಕೊಟ್ಟದ್ದನ್ನು ಆದಷ್ಟು ಬೇಗ ದಾಖಲಿಸಬೇಕೆಂದೂ ನಿಯಮವಿದೆ. ದಾಖಲೆಯಲ್ಲಿ ತಾರೀಖಿಲ್ಲದಿದ್ದರೆ ನನ್ನ ಕೆಂಪು ಶಾಯಿಗೆ ಕೆಲಸವೇ ಇಲ್ಲ.