ಬರೀ ನೀರು ಕುದಿಸಿದರೆ ಒಲೆ ಪಾಸಾ?

ಒಂದು ಒಲೆ ಚೆನ್ನಾಗಿದೆಯಾ ಇಲ್ಲವಾ ಅಂತ ಲ್ಯಾಬಿನಲ್ಲಿ ನೋಡೋದು ಹೇಗೆ ಗೊತ್ತಾ? ನೀರು ಕುದಿಸುತ್ತೇವೆ. ಅಷ್ಟೇ. ಪಾತ್ರೆಗೆ ಐದು ಲೀಟರ್ ನೀರು ಹಾಕಿ, ಸೌದೆ ತೂಗಿ, ಥರ್ಮಾಮೀಟರ್ ಇಳಿಬಿಟ್ಟು, ಕುದಿ ಬರುವವರೆಗೆ ಒಂದು ಲೆಕ್ಕ, ಆಮೇಲೆ ಮುಕ್ಕಾಲು ಗಂಟೆ ಸಣ್ಣ ಉರಿಯಲ್ಲಿಟ್ಟು ಇನ್ನೊಂದು ಲೆಕ್ಕ. ಉಳಿದ ಕೆಂಡವನ್ನೂ ತೂಗುತ್ತೇವೆ. ಕೊನೆಗೆ ಒಂದು ಅಂಕಿ ಬರುತ್ತದೆ: ಸೌದೆಯ ಶಾಖದಲ್ಲಿ ಪಾತ್ರೆಗೆ ಸೇರಿದ್ದು ಶೇಕಡಾ ಇಷ್ಟು. ಆಫ್ರಿಕಾ ಇರಲಿ, ಲ್ಯಾಟಿನ್ ಅಮೆರಿಕ ಇರಲಿ, ನಮ್ಮ ದೇಶ ಇರಲಿ, ಬಡವರ ಮನೆಗೆ ಹೋದ ಎಷ್ಟೋ ಒಲೆಗಳು ಈ ಅಂಕಿ ನೋಡಿಯೇ ಪಾಸಾದವು.

ನಾನು ಒಲೆ ಇಂಜಿನಿಯರ್. ಓದಿದ್ದು ಮೆಕ್ಯಾನಿಕಲ್. 'ಅಷ್ಟೆಲ್ಲ ಓದಿ ಕೊನೆಗೂ ಒಲೆ ಮುಂದೇನೇ ಬಂದು ಕೂತ್ಯಲ್ಲೇ' ಅಂತ ನಮ್ಮ ಚಿಕ್ಕಮ್ಮ ಈಗಲೂ ನಗುತ್ತಾರೆ. ನಗಲಿ. ನನಗೆ ಈ ಕೆಲಸ ಕಲಿಸಿದ್ದು ಕಾಲೇಜಲ್ಲ, ತುಮಕೂರು ಕಡೆಯ ಒಂದು ಅಡುಗೆಮನೆ.

ಕೆಲಸಕ್ಕೆ ಸೇರಿದ ಹೊಸತು. ತಗಡಿನ ಒಂಟಿ ಒಲೆ, ಎತ್ತಿಕೊಂಡು ಓಡಾಡುವಷ್ಟು ಹಗುರ. ಲ್ಯಾಬಿನಲ್ಲಿ ಒಳ್ಳೆ ಮಾರ್ಕ್ಸ್ ತೆಗೆದಿತ್ತು. ಮನೆಯಾಕೆ ಎಸರಿಟ್ಟರು, ರಾಗಿಹಿಟ್ಟು ಹಾಕಿದರು, ಬೆಂದ ಮೇಲೆ ಕೋಲು ಹಿಡಿದು ತೊಳಸೋಕೆ ಶುರು ಮಾಡಿದರು. ಹಿಟ್ಟು, ಅಂದರೆ ಮುದ್ದೆ, ತೊಳಸೋದು ನೋಡಿದ್ದೀರಲ್ಲ, ಅದು ಚಮಚ ಆಡಿಸೋ ಕೆಲಸ ಅಲ್ಲ, ಇಡೀ ಮೈ ಬಲ ಬೇಕು. ಮೂರನೇ ಸುತ್ತಿಗೆ ನಮ್ಮ ಒಲೆ ನಡೆಯೋಕೆ ಶುರುವಾಯಿತು. ನಿಜವಾಗಿ, ನೆಲದ ಮೇಲೆ ಅರ್ಧ ಅಡಿ ಜರುಗಿತು. ಕಾಲಲ್ಲಿ ಒತ್ತಿ ಹಿಡಿಯೋಣ ಅಂದರೆ ತಗಡು ಕಾದಿದೆ. ಆಕೆ ಪಾತ್ರೆ ಇಳಿಸಿ, ಒಲೆ ಪಕ್ಕಕ್ಕೆ ತಳ್ಳಿ, ಹಳೆ ಮಣ್ಣಿನ ಒಲೆ ಮೇಲಿಟ್ಟು ಕೆಲಸ ಮುಗಿಸಿದರು. ಆಮೇಲೆ ನನ್ನ ಕಡೆ ತಿರುಗಿ, 'ಇದನ್ನ ಮಾಡ್ದೋರು ಹಿಟ್ಟು ಉಣ್ಣಲ್ವೇನಮ್ಮ?' ಅಂದರು.

ಉಣ್ಣುತ್ತೀನಿ. ದಿನಾ ಉಣ್ಣುತ್ತೀನಿ. ಆದರೆ ನಮ್ಮ ಮನೆಯಲ್ಲಿ ಗ್ಯಾಸ್ ಕಟ್ಟೆ ಮೇಲಿರುತ್ತದೆ, ಕುಕ್ಕರಿನ ಹಿಡಿ ಹಿಡಿದುಕೊಂಡು ತಿರುವುತ್ತೀನಿ. ನಮ್ಮ ಟೀಮಿನ ಐದು ಜನರಲ್ಲಿ ಇಬ್ಬರು ಹೆಂಗಸರಿದ್ದೆವು. ಇಬ್ಬರಿಗೂ ಹೊಳೆದಿರಲಿಲ್ಲ.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಪ್ರತಿ ಫೆಬ್ರುವರಿ 11ಕ್ಕೆ ನನಗೆ ಯಾವುದಾದರೂ ಕಾಲೇಜಿನಿಂದ ಫೋನ್ ಬರುತ್ತದೆ. ವಿಜ್ಞಾನದಲ್ಲಿ ಮಹಿಳೆಯರು ಮತ್ತು ಹುಡುಗಿಯರ ದಿನ, 2015ರಲ್ಲಿ ವಿಶ್ವಸಂಸ್ಥೆ ಗೊತ್ತು ಮಾಡಿದ್ದು. ಒಂದು ಶಾಲು, ಒಂದು ಗಿಡ, ಆಮೇಲೆ ಯಾವಾಗಲೂ ಒಂದೇ ಪ್ರಶ್ನೆ: ನಿಮ್ಮ ಕ್ಷೇತ್ರದಲ್ಲಿ ಹೆಂಗಸರು ಶೇಕಡಾ ಎಷ್ಟಿದ್ದಾರೆ? ಕೇಳಬೇಕಾದ ಪ್ರಶ್ನೆಯೇ, ಬೇಡ ಅನ್ನಲ್ಲ. 1933ರಲ್ಲಿ ಕಮಲಾ ಸೊಹೋನಿ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಸೇರೋಕೆ ಅಲ್ಲಿನ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಅವರ ಜೊತೆಯೇ ಜಗಳ ಆಡಬೇಕಾಯಿತು, ಷರತ್ತು ಒಪ್ಪಿಕೊಂಡು ಒಳಗೆ ಹೋಗಬೇಕಾಯಿತು. ಆ ಬಾಗಿಲು ಸುಮ್ನೆ ತೆಗೆದಿದ್ದಲ್ಲ. ಆದರೆ ಒಳಗೆ ಹೋದ ನಾನು ಕೂಡ ಒಲೆ ಪರೀಕ್ಷೆಯ ಅದೇ ಹಳೆ ಫಾರಂ ತುಂಬುತ್ತಿದ್ದೆ ನೋಡಿ. ಆ ಫಾರಂನಲ್ಲಿ ಅಡುಗೆ ಮಾಡುವವಳಿಗೆ ಒಂದು ಕಾಲಂ ಇರಲಿಲ್ಲ. 1995ರಲ್ಲೇ ವಿಶ್ವಸಂಸ್ಥೆಯ ವಿಜ್ಞಾನ-ತಂತ್ರಜ್ಞಾನ ಆಯೋಗ ಲಿಂಗ ಸಮಾನತೆ ಬಗ್ಗೆ ಮಾಡಿದ್ದ ಒಂದು ತಂಡ ಎರಡನ್ನೂ ಹೇಳಿತ್ತು: ಹೆಂಗಸರು ವಿಜ್ಞಾನಕ್ಕೆ ಬರಬೇಕು, ವಿಜ್ಞಾನವೂ ಹೆಂಗಸರ ಕೆಲಸಕ್ಕೆ ಬರಬೇಕು. ಮೊದಲನೆಯದಕ್ಕೆ ಶಾಲು ಸಿಗುತ್ತದೆ. ಎರಡನೆಯದಕ್ಕೆ ಬಜೆಟ್ ಸಿಗೋದೇ ಕಷ್ಟ.

ವಿಜಯಪುರದ ಕಡೆ ಹೋದಾಗ ಕಥೆ ಬೇರೆ. ಅಲ್ಲಿ ತೊಳಸೋ ಪ್ರಶ್ನೆ ಇಲ್ಲ, ಜೋಳದ ರೊಟ್ಟಿ. ಈ ಸಲ ನಾವು ಬುದ್ಧಿವಂತರು, ಒಲೆ ಅಲ್ಲಾಡಬಾರದು ಅಂತ ಮಣ್ಣಲ್ಲಿ ನೆಲಕ್ಕೇ ಕಟ್ಟಿಸಿದ್ದೆವು. ಸೌದೆ ಹಾಕುವ ಬಾಯಿ ಚಿಕ್ಕದು, ಯಾಕಂದರೆ ಬಾಯಿ ದೊಡ್ಡದಾದಷ್ಟೂ ತಣ್ಣನೆ ಗಾಳಿ ಜಾಸ್ತಿ ನುಗ್ಗಿ ಶಾಖ ಹಾಳು. ಮನೆಯಾಕೆ ಹಂಚಿನ ಮೇಲೆ ರೊಟ್ಟಿ ಹಾಕಿ, ನೀರು ಸವರಿ, ತಿರುವಿ ಹಾಕಿ, ಕೈಯಲ್ಲಿ ರೊಟ್ಟಿ ಹಿಡಿದುಕೊಂಡು ಒಲೆ ಸುತ್ತಮುತ್ತ ಏನೋ ಹುಡುಕಿದರು. 'ರೊಟ್ಟಿ ಎಲ್ಲಿ ಸುಡೂದ್ರೀ ಮೇಡಂ? ಕೆಂಡ ಎಲ್ಲೈತಿ?'

ಹಳೆ ಒಲೆಯಲ್ಲಿ ಬಾಯಿ ಮುಂದೆ ಕೆಂಡ ಎಳೆದುಕೊಂಡು, ರೊಟ್ಟಿಯನ್ನು ಅಲ್ಲಿ ಓರೆಯಾಗಿ ನಿಲ್ಲಿಸಿದರೆ ಅದು ಉಬ್ಬಿ ಬರುತ್ತದೆ. ನಮ್ಮ ಒಲೆಯಲ್ಲಿ ಕೆಂಡ ಜಾಲರಿಯಿಂದ ಕೆಳಗೆ ಬಿದ್ದು ಬೂದಿ. ನಮ್ಮ ಲೆಕ್ಕದಲ್ಲಿ ಹೊರಗೆ ಉಳಿದ ಕೆಂಡ ಅಂದರೆ ನಷ್ಟ. ಆಕೆಯ ಲೆಕ್ಕದಲ್ಲಿ ಕೆಂಡವೇ ಅರ್ಧ ಒಲೆ. ಎರಡು ವಾರ ಬಿಟ್ಟು ಹೋಗಿ ನೋಡಿದರೆ ಕುಡುಗೋಲಿನ ಹಿಡಿಯಿಂದ ಬಾಯಿ ಒಡೆದು, ಮುಂದೆ ಒಂದು ಗೇಣು ಮಣ್ಣಿನ ಕಟ್ಟೆ ಮೆತ್ತಿಕೊಂಡಿದ್ದರು. ಚೆಂದವಾಗಿ ಸಗಣಿ ಸಾರಿಸಿತ್ತು. ನಮ್ಮ ಜೊತೆಗಿದ್ದ ಹಿರಿಯ ಇಂಜಿನಿಯರು ಆ ಮನೆಯನ್ನು 'ಹಾಳು ಮಾಡಿಕೊಂಡವರು' ಅಂತ ಬರೆದುಕೊಂಡರು.

ಇನ್ನು ಸೌದೆ. ಚಿಕ್ಕ ಬಾಯಿಯ ಒಲೆಗೆ ಚಿಕ್ಕ ಸೌದೆ ಬೇಕು. ಹಳೆ ಒಲೆಗಾದರೆ ಉದ್ದನೆ ಕೊಂಬೆ ತುರುಕಿ, ಉರಿದಂತೆ ಒಳಗೆ ತಳ್ಳುತ್ತಾ ಹೋಗಬಹುದು. ಹೊಸದಕ್ಕೆ ಗೇಣುದ್ದ ಕಡಿದು, ಸೀಳಿ ಕೊಡಬೇಕು. ಕಡಿಯೋದು ಯಾರು? ಒಂದು ದಿನ ಸುಮ್ನೆ ವಾಚ್ ನೋಡಿದೆ. ಒಂದು ಹೊತ್ತಿನ ಅಡುಗೆಗೆ ಮಚ್ಚು ಹಿಡಿದು ಆಕೆ ಪುಳ್ಳೆ ಮಾಡಿಕೊಂಡಿದ್ದು 25 ನಿಮಿಷ. ಸೌದೆ ಉಳಿದಿದ್ದು ನಿಜ. ಅದನ್ನು ವರದಿಯಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದೆವು. ಈ 25 ನಿಮಿಷಕ್ಕೆ ಜಾಗ ಇರಲಿಲ್ಲ.

ನಮ್ಮ ದೇಶದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88. ಆ 289ರೊಳಗೆ ನಮ್ಮ ಒಲೆ ಎಷ್ಟು ನಿಮಿಷ ಕಳೆಯಿತು, ಎಷ್ಟು ಕೂಡಿಸಿತು ಅಂತ ನಾವು ಹೇಳಬೇಕಲ್ವಾ? ಹೇಳಿಲ್ಲ.

ಚಿಮಣಿ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕಂದರೆ ನಮ್ಮವರು ಅತಿ ಹೆಚ್ಚು ಸೋತಿದ್ದು ಇಲ್ಲೇ. ಹೊಗೆ ಹೊರಗೆ ಹೋಗಲಿ ಅಂತ ಕೊಳವೆ. ಕೆಲವು ತಿಂಗಳಲ್ಲಿ ಅದರೊಳಗೆ ಮಸಿ ಕಟ್ಟುತ್ತದೆ. ಕಟ್ಟಿದರೆ ಹೊಗೆ ವಾಪಸ್ ಅಡುಗೆಮನೆಗೆ. ಕೆರೆದು ತೆಗೀಬೇಕು ಅಂದರೆ ಮೇಲಿನಿಂದ ಸಲಾಕೆ ಬಿಡಬೇಕು. ಅಂದರೆ ಸೂರು ಹತ್ತಬೇಕು. ಹಳ್ಳಿಯಲ್ಲಿ ಸೊಸೆಯಾದವಳು ಹೆಂಚಿನ ಮೇಲೆ ಹತ್ತಿ ನಿಂತರೆ ಬೀದಿಯೆಲ್ಲ ಏನಂತಾರೆ? ಗಂಡನಿಗೆ ಹೇಳಬೇಕು. ಅವನಿಗೆ ಹೊಗೆ ತಟ್ಟಲ್ಲ, ಜಗಲಿಯಲ್ಲಿ ಕೂತಿರುತ್ತಾನೆ. 'ನಾಳೆ ಮಾಡ್ತೀನಿ ಬಿಡು.' ನಾಳೆ ಬರಲ್ಲ. ಆರು ತಿಂಗಳ ಮೇಲೆ ನಾವು ಹೋಗಿ 'ಬಳಕೆದಾರರು ನಿರ್ವಹಣೆ ಮಾಡಿಲ್ಲ' ಅಂತ ಬರೆದುಕೊಂಡು ಬರುತ್ತೇವೆ. ಈ 'ಬಳಕೆದಾರರು' ಅನ್ನೋ ಪದ ನನಗೆ ಆಗಲ್ಲ. ಹೊಗೆ ಕುಡಿಯುವವರು, ಏಣಿ ಹತ್ತಬೇಕಾದವರು, ದುಡ್ಡು ಕೊಡುವವರು, ಮೂವರನ್ನೂ ಒಂದೇ ಚೀಲಕ್ಕೆ ತುಂಬಿಬಿಡುತ್ತದೆ.

ಒಡಿಶಾದಲ್ಲಿ ಅರ್ಥಶಾಸ್ತ್ರಜ್ಞರಾದ ರೀಮಾ ಹನ್ನಾ, ಎಸ್ತರ್ ಡಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್ ಸುಮಾರು 2,600 ಮನೆಗಳನ್ನು ನಾಲ್ಕು ವರ್ಷದವರೆಗೆ ಹಿಂಬಾಲಿಸಿ ನೋಡಿದ್ದರು. ಚಿಮಣಿ ಇದ್ದ ಸುಧಾರಿತ ಒಲೆ ಕೊಟ್ಟ ಮೊದಲ ವರ್ಷ ಹೊಗೆ ಕಡಿಮೆಯಾಯಿತು, ಆಮೇಲೆ ಆ ಲಾಭ ಮಾಯ. ಒಲೆ ದಿನಾ ಉರಿಸಲಿಲ್ಲ, ಕೆಟ್ಟಾಗ ಸರಿ ಮಾಡಿಸಲಿಲ್ಲ. 2012ರಲ್ಲಿ ಇದು ಹೊರಬಂದಾಗ ಒಲೆ ಜನರಿಗೆಲ್ಲ ಕೋಪ ಬಂತು, ನನಗೂ ಬಂತು. ಆಮೇಲೆ ನಮ್ಮದೇ ಹಳೆ ಮನೆಗಳ ಸೂರು ನೆನಪಾಗಿ ಸುಮ್ಮನಾದೆ. ಸರ್ಕಾರದ ಸುಧಾರಿತ ಒಲೆ ಕಾರ್ಯಕ್ರಮ 1980ರ ದಶಕದಿಂದ 2002ರವರೆಗೆ ಮೂರು ಕೋಟಿಗೂ ಹೆಚ್ಚು ಒಲೆ ಹಂಚಿತ್ತು. ಅವುಗಳಲ್ಲಿ ಈಗ ಎಷ್ಟು ಉರಿಯುತ್ತಿವೆ ಅಂತ ನಿಮ್ಮೂರಿನಲ್ಲೇ ಒಂದು ಸುತ್ತು ಹಾಕಿ ನೋಡಿ.

ಇದಕ್ಕೆ ಪರಿಹಾರ ಇಷ್ಟೇ ಇತ್ತು ನೋಡಿ: ಕೊಳವೆ ಗೋಡೆ ಹತ್ತುವ ಜಾಗದಲ್ಲಿ, ನಿಂತರೆ ಕೈಗೆಟಕುವಂತೆ, ಮುಚ್ಚಳವಿರುವ ಒಂದು ಕಿಂಡಿ. ಒಳಗಿನಿಂದಲೇ ಕಡ್ಡಿ ಆಡಿಸಿ ಮಸಿ ಉದುರಿಸಬಹುದು. ಒಬ್ಬ ಗಾರೆ ಕೆಲಸದವರಿಗೆ ಇಪ್ಪತ್ತು ನಿಮಿಷದ ಕೆಲಸ.

ಹೊಗೆ ಅಳೆಯುವ ಕಥೆ ಇನ್ನೂ ತಮಾಷೆ. ವಾಯುಮಾಲಿನ್ಯ ಅಂದರೆ ಕಾರ್ಖಾನೆ, ಲಾರಿ, ದೊಡ್ಡ ಊರು ಅಂತಲೇ ಎಲ್ಲರೂ ಅಂದುಕೊಂಡಿದ್ದ ಕಾಲದಲ್ಲಿ, 1980ರ ದಶಕದ ಆರಂಭದಲ್ಲಿ, ಕರ್ಕ್ ಸ್ಮಿತ್ ಅನ್ನೋ ಸಂಶೋಧಕರು ಮತ್ತು ಜೊತೆಗಾರರು ಗುಜರಾತಿನ ಹಳ್ಳಿಗಳಲ್ಲಿ ಅಡುಗೆ ಮಾಡುವ ಹೆಂಗಸರಿಗೇ ಮಾಪಕ ಕಟ್ಟಿದರು. ಬಂದ ಅಂಕಿ ನೋಡಿ ಗಾಬರಿ ಬೀಳುವ ಹಾಗಿತ್ತು. ಇವತ್ತು ವಿಶ್ವ ಆರೋಗ್ಯ ಸಂಸ್ಥೆ ಅಡುಗೆ ಹೊಗೆಯಿಂದ 2020ರಲ್ಲಿ ಸುಮಾರು 32 ಲಕ್ಷ ಸಾವು ಅಂತ ಲೆಕ್ಕ ಕೊಡುತ್ತದಲ್ಲ, ಆ ದಾರಿ ಶುರುವಾಗಿದ್ದು ಅಂಥ ಅಡುಗೆಮನೆಗಳಿಂದ. ಆದರೆ ಮಾಪಕ ಮೈಗೆ ಕಟ್ಟೋದು ರಗಳೆ, ಹಾಗಾಗಿ ಸುಮಾರು ಪ್ರಾಜೆಕ್ಟ್‌ಗಳು ಅದನ್ನು ಗೋಡೆಗೆ ನೇತು ಹಾಕುತ್ತವೆ. ಒಲೆಯಿಂದ ಒಂದು ಮೀಟರ್ ದೂರ, ನೆಲದಿಂದ ಒಂದೂವರೆ ಮೀಟರ್ ಹತ್ತಿರದ ಎತ್ತರ. ಯಾಕೆ ಅಷ್ಟು ಎತ್ತರ? ನಿಂತು ಅಡುಗೆ ಮಾಡುವ ಹೆಂಗಸಿನ ಮೂಗು ಅಲ್ಲಿರುತ್ತದೆ ಅಂತ. ನಮ್ಮ ಹೆಂಗಸರು ಮಣೆ ಮೇಲೆ ಕೂತು ಮಾಡುತ್ತಾರೆ. ಹೊಗೆ ಮೇಲೆ ಗುಂಪು ಕಟ್ಟುತ್ತದೆ, ಹಾಗಾಗಿ ಕೂತವರಿಗೆ ಕಮ್ಮಿಯೇ ತಟ್ಟಬೇಕು. ಆದರೆ ಉರಿ ಆರಿದಾಗ ಊದುಕೊಳವೆ ಹಿಡಿದು ಬಗ್ಗುತ್ತಾರಲ್ಲ, ಆಗ ಮೂಗು ಒಲೆ ಬಾಯಿಗೆ ಒಂದು ಮೊಳವೂ ಇರಲ್ಲ. ಗೋಡೆಯ ಮಾಪಕಕ್ಕೆ ಇದು ಕಾಣಿಸಲ್ಲ.

ದುಡ್ಡಿನ ವಿಷಯ. ಬಾಂಗ್ಲಾದೇಶದಲ್ಲಿ ಸಂಶೋಧಕರಾದ ಗ್ರಾಂಟ್ ಮಿಲ್ಲರ್ ಮತ್ತು ಮುಷ್ಫಿಕ್ ಮೊಬಾರಕ್ ಒಂದು ಪ್ರಯೋಗ ಮಾಡಿದರು. ಒಲೆ ಪುಕ್ಕಟೆ ಕೊಡುತ್ತೇವೆ ಅಂದಾಗ ಹೆಂಗಸರು ಗಂಡಸರಿಗಿಂತ ಹೆಚ್ಚಾಗಿ ಹೊಗೆ ಕಮ್ಮಿ ಮಾಡುವ ಒಲೆ ಕೇಳಿದರು. ಸ್ವಲ್ಪ ಬೆಲೆ ಇಟ್ಟ ಕೂಡಲೇ ಆ ವ್ಯತ್ಯಾಸ ಹೋಯಿತು. ಬೇಕು ಅನ್ನೋರು ಒಬ್ಬರು, ಜೇಬಿರೋರು ಇನ್ನೊಬ್ಬರು. ನಮ್ಮ ಉಜ್ವಲಾದಲ್ಲೂ ಇದೇ ಎಳೆ. 2016ರಿಂದ ಗ್ಯಾಸ್ ಕನೆಕ್ಷನ್ ಹೆಂಗಸರ ಹೆಸರಿಗೇ ಬಂತು, ಅದು ದೊಡ್ಡ ಮಾತು, ಅದನ್ನು ಅಲ್ಲಗಳೆಯಲ್ಲ. ಆದರೆ 2019-20ರಲ್ಲಿ ಈ ಮನೆಗಳು ವರ್ಷಕ್ಕೆ ತುಂಬಿಸಿದ್ದು ಸರಾಸರಿ ಮೂರು ಸಿಲಿಂಡರ್, 2023-24ರಲ್ಲಿ ಹತ್ತಿರ ಹತ್ತಿರ ನಾಲ್ಕು. ಪೂರ್ತಿ ಗ್ಯಾಸಲ್ಲೇ ಅಡುಗೆ ಅಂದರೆ ಏಳೆಂಟಾದರೂ ಬೇಕು. ಪುಸ್ತಕ ಆಕೆಯ ಹೆಸರಲ್ಲಿ, ತುಂಬಿಸೋದು ಯಾವಾಗ ಅನ್ನೋದು ಎಷ್ಟೋ ಮನೆಗಳಲ್ಲಿ ಇನ್ನೊಬ್ಬರ ಬಾಯಲ್ಲಿ. ಸೌದೆಗೆ ದುಡ್ಡು ಕೊಡಬೇಕಿಲ್ಲವಲ್ಲ, ತರೋಕೆ ಆಕೆ ಇದ್ದಾಳಲ್ಲ.

ನಮ್ಮಲ್ಲೇ ಇದನ್ನು ಸರಿಯಾಗಿ ಲೆಕ್ಕ ಹಾಕಿದವರೂ ಇದ್ದಾರೆ. 1974ರಲ್ಲಿ ಅಮೂಲ್ಯ ರೆಡ್ಡಿ ಅವರು ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಒದಗುವ ತಂತ್ರಜ್ಞಾನಕ್ಕೆ ಅಂತ ಶುರು ಮಾಡಿದ 'ಅಸ್ತ್ರ' ಘಟಕ ಕುಣಿಗಲ್ ತಾಲ್ಲೂಕಿನ ಉಂಗ್ರ ಸುತ್ತಲಿನ ಹಳ್ಳಿಗಳಲ್ಲಿ ಶಕ್ತಿಯ ಲೆಕ್ಕ ತೆಗೆದಾಗ ಸೌದೆ, ಸೀಮೆಎಣ್ಣೆ ಜೊತೆಗೆ ಮನುಷ್ಯರ ದುಡಿಮೆಯನ್ನೂ ಸೇರಿಸಿತು, ಗಂಡಸರದ್ದು, ಹೆಂಗಸರದ್ದು, ಮಕ್ಕಳದ್ದು ಬೇರೆ ಬೇರೆ. ಮೂರು ಪಾತ್ರೆಯ ಅಸ್ತ್ರ ಒಲೆ ಅಲ್ಲಿಂದಲೇ ಬಂದಿದ್ದು, ನಿಮ್ಮಲ್ಲಿ ಕೆಲವರ ಅಜ್ಜಿ ಮನೆಯಲ್ಲಿ ಇದ್ದಿರಬಹುದು. ನನಗೆ ಅದಕ್ಕಿಂತ ಇಷ್ಟ ಅದೇ ತಾಲ್ಲೂಕಿನ ಪುರ ಅನ್ನೋ ಹಳ್ಳಿಯ ಕಥೆ. ಸಗಣಿ ಗ್ಯಾಸನ್ನು ಮೊದಲು ಅಡುಗೆಗೆ ಕೊಡಲು ಹೊರಟರು, ಗ್ಯಾಸ್ ಸಾಲಲಿಲ್ಲ. ಊರವರಿಗೆ ಮೊದಲು ಬೇಕಿದ್ದು ಕುಡಿಯುವ ನೀರು. 1987ರಿಂದ ಅದೇ ಗ್ಯಾಸಿನಲ್ಲಿ ಇಂಜಿನ್ ಓಡಿಸಿ, ಕರೆಂಟ್ ಮಾಡಿ, ನೀರೆತ್ತಿ ನಲ್ಲಿಗೆ ಬಿಟ್ಟರು. ಸಗಣಿ ತಂದು ಹಾಕಿದವರ ಕೈಗೆ ಅದರ ಕಾಸು. ತರುತ್ತಿದ್ದವರು ಹೆಚ್ಚಾಗಿ ಹೆಂಗಸರು, ಮಕ್ಕಳು. ಹೆಂಗಸರ ವಿಜ್ಞಾನ ಅಂದರೆ ಒಲೆ ಅಂತ ನಮಗೆ ನಾವೇ ಅಂದುಕೊಂಡಿರುತ್ತೇವೆ, ಅವರಿಗೆ ಬೇಕಿದ್ದು ನಲ್ಲಿ ಇರಬಹುದು.

ಈಗ ನಾನು ತುಂಬುವ ಫಾರಂನಲ್ಲಿ ಕೆಲವು ಕಾಲಂ ನಾನೇ ಗೀಚಿಕೊಂಡಿದ್ದೇನೆ. ಸೌದೆ ಕಡಿಯಲು ಎಷ್ಟು ನಿಮಿಷ, ಎಷ್ಟು ಸಲ ಊದಬೇಕಾಯಿತು, ಏಣಿ ಬೇಕಾ, ಈ ಪ್ರಶ್ನೆಗೆ ಉತ್ತರ ಕೊಟ್ಟಿದ್ದು ಯಾರು. ಕೊನೆಯದು ತುಂಬೋಕೆ ಹುಡುಗರು ಮುಜುಗರ ಪಡುತ್ತಾರೆ, ಯಾಕಂದರೆ ಜಗಲಿ ದಾಟಿ ಒಳಗೆ ಹೋಗಬೇಕಾಗುತ್ತದೆ. ದುಡ್ಡು ಕೊಡುವವರ ಸಾಫ್ಟ್‌ವೇರಿನಲ್ಲಿ ಇವಕ್ಕೆ ಜಾಗ ಇಲ್ಲ, 'ಇತರೆ' ಅನ್ನೋ ಡಬ್ಬಿಯಲ್ಲಿ ತುರುಕುತ್ತೇನೆ. ಅದಕ್ಕೆ 250 ಅಕ್ಷರದ ಮಿತಿ.

ಆ ಬಾಯಿ ಒಡೆದ ಒಲೆ ನೆನಪಿದೆಯಲ್ಲ? ಮೂರು ವರ್ಷ ಬಿಟ್ಟು ಅದೇ ಊರಿಗೆ ಹೋಗಿದ್ದೆ. ಥರ್ಮಾಮೀಟರ್ ಇಟ್ಟು ನೀರು ಕುದಿಸಿ ನೋಡಿದೆ, ಅಂಕಿ ಇಳಿದಿತ್ತು. ಅಕ್ಕಪಕ್ಕದ ಮನೆಗಳಲ್ಲಿ ನಾವು ಕಟ್ಟಿದ್ದ, ಯಾರೂ ಮುಟ್ಟದ, ಅಂಕಿ ಇಳಿಯದ ಒಲೆಗಳ ಮೇಲೆ ಈರುಳ್ಳಿ ಬುಟ್ಟಿ ಇಟ್ಟಿದ್ದರು. ಇವರದ್ದು ಮಾತ್ರ ಉರಿಯುತ್ತಿತ್ತು. ಪಕ್ಕದ ಮನೆಯ ಸೊಸೆ ಬಂದು ಕೂತು, ಕಟ್ಟೆ ಎಷ್ಟು ಅಗಲ ಅಂತ ಗೇಣು ಹಾಕಿ ಅಳೆಯುತ್ತಿದ್ದಳು.