ಮೇ ತಿಂಗಳ ಸೆಖೆಯಲ್ಲಿ ಚಳಿ ಎಲ್ಲಿಂದ ಬಂತು?

ಮುಂಬೈ ಹತ್ತಿರದ ಡೊಂಬಿವಲಿಯ ಒಂದು ನರ್ಸಿಂಗ್ ಹೋಮ್. ಹೊರಗೆ ಮೇ ತಿಂಗಳ ಸೆಖೆ. ಒಳಗೆ ಸಿಸೇರಿಯನ್ ಮುಗಿಸಿಕೊಂಡು ಬಂದ ನನ್ನ ತಂಗಿ ಗಡಗಡ ನಡುಗುತ್ತಿದ್ದಳು. ಹಲ್ಲು ಕಟಕಟ, ಭುಜ ಅದುರುತ್ತಿತ್ತು. ಕಾಲು ಮಾತ್ರ ಕೊರಡಿನ ಹಾಗೆ ಸುಮ್ನೆ ಬಿದ್ದಿತ್ತು. 'ಹುಡಹುಡಿ ಭರಲೀ' (ಚಳಿ ನಡುಕ ಹಿಡಿದಿದೆ) ಎಂದು ಮರಾಠಿಯಲ್ಲಿ ಹೇಳುತ್ತಾ ಆಯಾಬಾಯಿ ಇನ್ನೊಂದು ಚಾದರ ಹೊದಿಸಿದರು. ಧಾರವಾಡದಿಂದ ಬಂದಿದ್ದ ಅಮ್ಮ 'ಮೊದ್ಲ ಆ ಎಸಿ ಬಂದ್ ಮಾಡ್ರಿ' ಎಂದರು.

ಎಸಿಯದೂ ಪಾಲಿದೆ. ಆದರೆ ನಿಜವಾದ ಸುಳಿವು ಆ ಅಲುಗದ ಕಾಲಲ್ಲಿದೆ. ಸಿಸೇರಿಯನ್‌ಗೆಂದು ಬೆನ್ನಿಗೆ ಕೊಟ್ಟ ಇಂಜೆಕ್ಷನ್ ಸೊಂಟದ ಕೆಳಗೆಲ್ಲ ಮರಗಟ್ಟಿಸಿತ್ತು.

ಬೆನ್ನಿನ ಇಂಜೆಕ್ಷನ್ ಹಳೆಯದು. 1898ರಲ್ಲಿ ಜರ್ಮನಿಯ ಕೀಲ್‌ನಲ್ಲಿ ಆಗಸ್ಟ್ ಬಿಯರ್ ಎಂಬ ಸರ್ಜನ್ ಕೊಕೇನ್ ಬಳಸಿ ಇದನ್ನು ಮಾಡಿದರು. ತಮ್ಮ ಮೇಲೂ ಪ್ರಯೋಗಿಸಿಕೊಂಡು ದಿನಗಟ್ಟಲೆ ತಲೆನೋವಿನಿಂದ ಮಲಗಿದರು. ತಲೆನೋವು, ಬಿಪಿ ಇಳಿಯುವುದು ದೊಡ್ಡ ಚಿಂತೆಗಳು. ಅವುಗಳ ಮುಂದೆ ನಡುಕ ಯಾವ ಲೆಕ್ಕ, ಅಲ್ವಾ? ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಬರುತ್ತದೆ ಎಂಬುದೇ ಅದನ್ನು ಮಾಮೂಲು ಮಾಡಿಬಿಟ್ಟಿತು.

ಒಳಗುಟ್ಟು ಚೆನ್ನಾಗಿ ಬಿಡಿಸಿಕೊಂಡಿದ್ದು 1990ರ ದಶಕದಲ್ಲಿ. ಅಮೆರಿಕದ ಅರಿವಳಿಕೆ ತಜ್ಞ ಡೇನಿಯಲ್ ಸೆಸ್ಲರ್ ಮತ್ತು ಸಂಗಡಿಗರ ಕೆಲಸ ಇದರಲ್ಲಿ ಮುಖ್ಯ. ಇಂಜೆಕ್ಷನ್ ಹತ್ತಿದ ಕೂಡಲೇ ಸೊಂಟದ ಕೆಳಗಿನ ರಕ್ತನಾಳಗಳು ಸಡಿಲಾಗುತ್ತವೆ. ಒಡಲಿನ ಬಿಸಿ ಕಾಲಿಗೆ ಹರಿಯುತ್ತದೆ. ಮುಟ್ಟಿ ನೋಡಿದರೆ ಪಾದ ಬೆಚ್ಚಗಿರುತ್ತದೆ, ಅದೇ ಮೋಸ. ಒಡಲು ತಣ್ಣಗಾಗುತ್ತಿರುತ್ತದೆ. ಮಿದುಳು 'ನಡುಗು' ಎನ್ನುತ್ತದೆ. ಮರಗಟ್ಟಿದ ಕಾಲಿಗೆ ಆ ಮಾತು ಮುಟ್ಟುವುದಿಲ್ಲ. ಕೆಲಸವೆಲ್ಲ ಭುಜ, ದವಡೆಗಳ ಪಾಲಿಗೆ.

ಇದು ಬರೀ ಕಿರಿಕಿರಿಯಲ್ಲ. ನಡುಗುವ ಮೈಗೆ ಆಮ್ಲಜನಕ ಜಾಸ್ತಿ ಬೇಕು, ಮಾನಿಟರ್ ಗೀಟುಗಳೂ ಕಲಸಿಹೋಗುತ್ತವೆ. ಮೈ ತಣ್ಣಗಾಗುವುದರ ಬೆಲೆ ಇನ್ನೊಂದು. 1996ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕರುಳಿನ ಆಪರೇಷನ್ ಆದ 200 ಮಂದಿಯನ್ನು ನೋಡಿದಾಗ, ಬೆಚ್ಚಗಿಟ್ಟವರಲ್ಲಿ 6 ಪರ್ಸೆಂಟ್ ಜನರಿಗೆ ಗಾಯದಲ್ಲಿ ಸೋಂಕಾಗಿತ್ತು, ತಣ್ಣಗಾದವರಲ್ಲಿ 19. ಅದು ಪೂರ್ತಿ ಪ್ರಜ್ಞೆ ತಪ್ಪಿಸಿ ಮಾಡಿದ ಆಪರೇಷನ್, ನಿಜ. ಆದರೂ ಯೋಚಿಸುವ ಲೆಕ್ಕವೇ.

ಔಷಧಿಗಳಲ್ಲಿ ಹಳೆಯ ಹೆಸರು ಪೆಥಿಡಿನ್. ನೋವಿಗೆ ಕೊಡುವಂಥದ್ದು, ನಡುಕಕ್ಕೂ ಸರಿಹೋಯಿತು. ಆದರೆ ಅದು 1985ರ ಮಾದಕವಸ್ತು ಕಾಯ್ದೆಯಡಿ ಬರುವ ಔಷಧಿ, ರಿಜಿಸ್ಟರ್ ಇಡಬೇಕು. ಟ್ರಮಡಾಲ್ ಇನ್ನೊಂದು ದಾರಿ. ಓಕರಿಕೆ ತರುತ್ತದೆ. 2018ರಲ್ಲಿ ಅದೂ ಅದೇ ಕಾಯ್ದೆಯೊಳಗೆ ಬಂತು.

ನನಗೆ ಅನ್ನಿಸುವುದು, ಇವೆಲ್ಲ ನೀರು ನುಗ್ಗಿದ ಮೇಲೆ ಒಡ್ಡು ಕಟ್ಟಿದ ಹಾಗೆ. ಇಂಜೆಕ್ಷನ್‌ಗೆ ಮೊದಲೇ ಸ್ವಲ್ಪ ಹೊತ್ತು ಬಿಸಿಗಾಳಿ ತುಂಬುವ ಹೊದಿಕೆ ಹಾಕಿದರೆ ಕಾಲು ಆಗಲೇ ಬೆಚ್ಚಗಾಗಿರುತ್ತದೆ. ಒಡಲಿನಿಂದ ಹರಿಯುವ ಬಿಸಿ ಕಡಿಮೆ. ಸಲೈನನ್ನೂ ಬೆಚ್ಚಗೆ ಮಾಡಿ ಕೊಡುತ್ತಾರೆ.

ತಂಗಿಗೆ ಆ ಎರಡನೇ ಚಾದರ ಸಿಕ್ಕಿದ್ದು ನಡುಕ ಶುರುವಾಗಿ ಹತ್ತು ನಿಮಿಷದ ಮೇಲೆ. ಮಗುವನ್ನು ಪಕ್ಕಕ್ಕೆ ತಂದರೂ ಅವಳ ಕೈ ನಿಲ್ಲುತ್ತಿರಲಿಲ್ಲ. ಅಮ್ಮನೇ ಎತ್ತಿಕೊಂಡರು.